ಲಿಂಕನ್ನರ ಕರಡಿಗೆ ಷರಾ

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ದೊಡ್ಡ ಕಂಪನಿಯೊಂದರಲ್ಲಿ ಅವನಿಗೆ ಉದ್ಯೋಗ. ಕುಶಲಪ್ರಶ್ನೆಗಳು ಮುಗಿದ ಮೇಲೆ ಜೇಬಿನಿಂದ ಎರಡು ಕಾಗದಗಳನ್ನು ತೆಗೆದು ನನ್ನ ಮುಂದಿಟ್ಟು, "ಇವೆರಡೂ ಒಂದೇ ವಿಷಯವನ್ನು ಹೇಳುತ್ತವೆಯೇ, ನೋಡಿ ಮೇಷ್ಟ್ರೇ" ಎಂದ.

ಮೊದಲನೆಯದರಲ್ಲಿ ನಾಲ್ಕೇ ಸಾಲು. ಅವರ ಕಚೇರಿಯ ಬಾಗಿಲನ್ನು ಇಪ್ಪತ್ತೆರಡು ವರ್ಷ ಕಾಯ್ದ ಕಾವಲುಗಾರರೊಬ್ಬರು ತೀರಿಕೊಂಡಿದ್ದರು. ಸೂಚನಾ ಫಲಕದಲ್ಲಿ ಹಾಕಲೆಂದು ಇವನೇ ಬರೆದ ಶ್ರದ್ಧಾಂಜಲಿ ಅದು. ಎರಡನೆಯದು, ಅದೇ ನಾಲ್ಕು ಸಾಲು ಐದು ವಿಭಾಗಗಳನ್ನು ಸುತ್ತಿ ಮರಳಿ ಬಂದಾಗ ತಾಳಿದ್ದ ರೂಪ. ಅದು ಒಂದೂವರೆ ಪುಟಕ್ಕೆ ಬೆಳೆದಿತ್ತು. "ಭದ್ರತಾ ವಿಭಾಗದ ಸಿಬ್ಬಂದಿಬಲದಲ್ಲಿ ಸಂಭವಿಸಿರುವ ಅನಿರೀಕ್ಷಿತ ಕೊರತೆಯತ್ತ ಸಂಬಂಧಪಟ್ಟವರ ಗಮನ ಸೆಳೆಯಲಾಗಿದೆ" ಎಂದು ಅದರ ಆರಂಭ. ಎರಡು ಸಲ ಓದಿದೆ. ತೀರಿಕೊಂಡವರ ಹೆಸರು ಎಲ್ಲಿಯೂ ಇರಲಿಲ್ಲ.

ನನಗೆ ಮೊದಲು ನಗು ಬಂತು, ನಕ್ಕ ಮೇಲೆ ನಾಚಿಕೆಯಾಯಿತು. ಸತ್ತವರಿಗಾಗಿಯೇ ಬರೆದ ಇನ್ನೊಂದು ಚಿಕ್ಕ ಬರಹ ಆಗ ನೆನಪಿಗೆ ಬಂದು, ಅದರ ಕಥೆಯನ್ನು ಅವನಿಗೆ ಹೇಳಿದೆ.

ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. 1863ರ ಜುಲೈ 1ರಿಂದ 3ರವರೆಗೆ ಪೆನ್ಸಿಲ್ವೇನಿಯ ರಾಜ್ಯದ ಗೆಟಿಸ್‌ಬರ್ಗ್ ಎಂಬ ಚಿಕ್ಕ ಊರಿನ ಸುತ್ತ ಉತ್ತರದ ಮತ್ತು ದಕ್ಷಿಣದ ಸೈನ್ಯಗಳು ಕಾದಾಡಿದವು. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಎಲ್ಲ ಸೇರಿ ಎರಡೂ ಕಡೆ ಸುಮಾರು 51,000 ಮಂದಿ. ಹೆಣಗಳನ್ನು ಅವಸರದಲ್ಲಿ ಹೊಲಗದ್ದೆಗಳಲ್ಲಿಯೇ ಹೂಳಲಾಗಿತ್ತು. ಉತ್ತರದ ಸೈನಿಕರ ದೇಹಗಳನ್ನಾದರೂ ಮರ್ಯಾದೆಯಿಂದ ಮಣ್ಣು ಮಾಡಬೇಕೆಂದು 17 ಎಕರೆ ನೆಲವನ್ನು ಕೊಂಡು, ಅಲ್ಲೊಂದು ರುದ್ರಭೂಮಿಯನ್ನು ಸಿದ್ಧಪಡಿಸಲು ಹೊರಟರು. ನವೆಂಬರ್ 19ರಂದು ಅದರ ಸಮರ್ಪಣೆ. ಅಂದಿನ ಮುಖ್ಯ ಭಾಷಣಕಾರರು ಎಡ್ವರ್ಡ್ ಎವೆರೆಟ್. ಅವರು ಎರಡು ಗಂಟೆ ಮಾತನಾಡಿದರು. ಬಳಿಕ ಅಧ್ಯಕ್ಷ ಅಬ್ರಹಾಂ ಲಿಂಕನ್ನರು ಎದ್ದು ಎರಡೇ ನಿಮಿಷದಲ್ಲಿ ಮಾತು ಮುಗಿಸಿ ಕುಳಿತರು. ಹತ್ತು ವಾಕ್ಯ, ಸುಮಾರು 270 ಪದ.

ಸಕಲ ಮಾನವರೂ ಸಮಾನರೆಂಬ ನಂಬಿಕೆಯ ಮೇಲೆ ನಮ್ಮ ಹಿರಿಯರು ಒಂದು ರಾಷ್ಟ್ರವನ್ನು ಕಟ್ಟಿದರು. ಅಂತಹ ರಾಷ್ಟ್ರ ಬಾಳೀತೇ ಎಂಬುದಕ್ಕೆ ಈ ಯುದ್ಧವೇ ಒರೆಗಲ್ಲು. ಈ ನೆಲವನ್ನು ಪವಿತ್ರಗೊಳಿಸಲು ನಾವು ಶಕ್ತರಲ್ಲ, ಇಲ್ಲಿ ಹೋರಾಡಿದವರೇ ಅದನ್ನು ಮಾಡಿದ್ದಾರೆ. ಅವರು ಅರ್ಧಕ್ಕೆ ಬಿಟ್ಟುಹೋದ ಕೆಲಸ ಬದುಕಿರುವ ನಮ್ಮದು. ಆ ಭಾಷಣದ ತಿರುಳು ಇಷ್ಟೇ.

"ಈ ಕಾಗದ ನಿಮ್ಮ ಕಚೇರಿಗೆ ಬಂದಿದ್ದರೆ?" ಎಂದು ಕೇಳಿದೆ. ಅವನ ಕಣ್ಣು ಮಿನುಗಿತು. ಕಾಫಿ ಆರುತ್ತಿದ್ದುದನ್ನೂ ಮರೆತು ನಾವಿಬ್ಬರೂ ಲಿಂಕನ್ನರ ಕರಡನ್ನು ಮೇಜಿನಿಂದ ಮೇಜಿಗೆ ಕಳುಹಿಸತೊಡಗಿದೆವು.

ಮೊದಲು ಲೆಕ್ಕಪತ್ರ ವಿಭಾಗ. ಲಿಂಕನ್ನರು ಎಂಬತ್ತೇಳು ವರ್ಷಗಳನ್ನು ಹಳೆಯ ಗ್ರಂಥಗಳ ಧಾಟಿಯಲ್ಲಿ ನಾಲ್ಕು ಇಪ್ಪತ್ತರ ಮೇಲೆ ಏಳು ಎಂದು ಎಣಿಸಿದ್ದರು. "ಅಂಕಿಯಲ್ಲಿ ನಮೂದಿಸುವುದು. ಯಾವ ದಿನಾಂಕದಿಂದ ಎಣಿಸಲಾಗಿದೆ? ಆಧಾರಪತ್ರ ಲಗತ್ತಿಸಿಲ್ಲ" ಎಂದು ಷರಾ. ಆಧಾರಪತ್ರವೆಂದರೆ 1776ರ ಜುಲೈ 4ರ ಸ್ವಾತಂತ್ರ್ಯ ಘೋಷಣೆ! ಸಿಬ್ಬಂದಿ ವಿಭಾಗಕ್ಕೆ 'ಸತ್ತವರು' ಎಂಬ ಮಾತು ಹಿಡಿಸಲಿಲ್ಲ. "'ಸೇವೆಯಿಂದ ಕಾಯಂ ಆಗಿ ಬಿಡುಗಡೆ ಹೊಂದಿದವರು' ಎಂದಿರಲಿ. ಬದುಕಿರುವವರ ವಿಷಯ ಬೇರೆ ಕಡತಕ್ಕೆ ಸೇರಿದ್ದು." ನಾವು ಇಲ್ಲಿ ಆಡುವ ಮಾತನ್ನು ಲೋಕ ಬಹುಕಾಲ ನೆನೆಯಲಾರದು ಎಂದು ಲಿಂಕನ್ನರು ಹೇಳಿದ್ದರಲ್ಲ, ಅದು ಪ್ರಚಾರ ವಿಭಾಗದ ಕಣ್ಣಿಗೆ ಬಿತ್ತು. "ಅಧ್ಯಕ್ಷರ ವರ್ಚಸ್ಸಿಗೆ ಕುಂದು. ತೆಗೆಯುವುದು." ಈ ಒಂದು ಆಕ್ಷೇಪಣೆಯಲ್ಲಿ ಮಾತ್ರ ಪ್ರಚಾರ ವಿಭಾಗದ್ದೇ ಸರಿ, ಲಿಂಕನ್ನರ ಭವಿಷ್ಯ ಸುಳ್ಳಾಯಿತು. ಕೊನೆಯ ವಾಕ್ಯದಲ್ಲಿ 'ಪ್ರಜೆ' ಎಂಬ ಪದ ಮೂರು ಸಲ ಬಂದಿರುವುದು ಪುನರುಕ್ತಿ ದೋಷ, ಒಂದು ಸಾಕು ಎಂದು ಯಾರೋ ಕೆಂಪು ಶಾಯಿಯಲ್ಲಿ ಗೀಟು ಎಳೆದರು.

ಉಳಿದದ್ದು ಕಾನೂನು ವಿಭಾಗ. ಶಿಷ್ಯ ಗಂಟಲು ಸರಿಪಡಿಸಿಕೊಂಡು ಗಂಭೀರವಾಗಿ ಹೇಳಿದ: "'ಸಕಲರೂ ಸಮಾನರು' ಎಂಬುದು ಸಂಸ್ಥೆಯನ್ನು ಕಟ್ಟಿಹಾಕುವ ಹೇಳಿಕೆ. 'ಜಾರಿಯಲ್ಲಿರುವ ನಿಯಮಗಳಿಗೆ ಒಳಪಟ್ಟು, ಸಾಧ್ಯವಾದ ಮಟ್ಟಿಗೆ' ಎಂದು ಸೇರಿಸುವುದು."

ಇಲ್ಲಿ ನನ್ನ ನಗು ನಿಂತಿತು. ಏಕೆಂದರೆ ಇದು ನಿಜವಾಗಿ ನಡೆದ ಸಂಗತಿ. 1776ರ ಘೋಷಣೆಯ ಕರಡನ್ನು ಬರೆದವರು ಥಾಮಸ್ ಜೆಫರ್ಸನ್. ಗುಲಾಮರ ವ್ಯಾಪಾರವನ್ನು ಕಟುವಾಗಿ ಖಂಡಿಸುವ ಒಂದು ಭಾಗ ಅದರಲ್ಲಿತ್ತು. ಸಭೆಯಲ್ಲಿ ಕೆಲವು ರಾಜ್ಯಗಳಿಗೆ ಅದು ರುಚಿಸಲಿಲ್ಲ; ಆ ಭಾಗವನ್ನು ಹೊಡೆದುಹಾಕಿದರು. ಕರಡು ಬರೆದ ಜೆಫರ್ಸನ್ನರ ಮನೆಯಲ್ಲಿಯೂ ಗುಲಾಮರಿದ್ದರೆಂಬುದು ಬೇರೆ ಮಾತು. ಸಮಾನತೆಯ ಮಾತು ಕಾಗದದಲ್ಲಿ ಉಳಿಯಿತು, ಸಂಕೋಲೆ ಮನುಷ್ಯರ ಕಾಲಲ್ಲಿ ಉಳಿಯಿತು. ಅಂದು ಬಗೆಹರಿಯದೆ ಉಳಿದ ಲೆಕ್ಕವೇ ಎಂಬತ್ತೇಳು ವರ್ಷಗಳ ಮೇಲೆ ಗೆಟಿಸ್‌ಬರ್ಗಿನ ಹೊಲಗಳಿಗೆ ಬಂದು ಮುಟ್ಟಿತ್ತು.

ಅಷ್ಟರಲ್ಲಿ ಶಿಷ್ಯ ಅಂತಿಮ ಪ್ರತಿಯನ್ನು ಸಿದ್ಧಪಡಿಸಿದ್ದ. "ಸಂಸ್ಥೆಯು 87 ವರ್ಷಗಳನ್ನು ಪೂರೈಸಿರುವ ಸಂದರ್ಭದಲ್ಲಿ ಸಮಾನತೆಗೆ ಸಂಬಂಧಿಸಿದ ವಿಷಯಗಳನ್ನು ನಿಯಮಾನುಸಾರ ಪರಿಶೀಲಿಸಲಾಗುತ್ತಿದೆ. ಇತ್ತೀಚಿನ ಕಾರ್ಯಾಚರಣೆಯಲ್ಲಿ ಸಿಬ್ಬಂದಿಯ ಸಂಖ್ಯೆ ಇಳಿದಿರುವುದನ್ನು ಗಮನಿಸಲಾಗಿದೆ. ಸದರಿ 17 ಎಕರೆಯ ಬಳಕೆಗೆ ಅನುಮೋದನೆ ನೀಡಲಾಗಿದೆ. ಬಾಕಿ ಕೆಲಸದ ಬಗ್ಗೆ ಸೂಕ್ತ ಸಮಯದಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು."

ಬಹುಕಾಲ ವ್ಯಾಕರಣ ಹೇಳಿಕೊಟ್ಟವನ ಕಣ್ಣು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಯಿತು. ಎಲ್ಲ ವಾಕ್ಯವೂ ಕರ್ಮಣಿ ಪ್ರಯೋಗ. ಗಮನಿಸಲಾಗಿದೆ. ಯಾರು ಗಮನಿಸಿದರು? ಕ್ರಮ ಜರುಗಿಸಲಾಗುವುದು. ಯಾರು ಜರುಗಿಸುತ್ತಾರೆ? ಒಬ್ಬ ಕರ್ತೃವೂ ಇಲ್ಲ. ಲಿಂಕನ್ನರ ಭಾಷಣದಲ್ಲಿ 'ನಾನು' ಒಮ್ಮೆಯೂ ಬರುವುದಿಲ್ಲ. 'ನಾವು' ಮಾತ್ರ ಮತ್ತೆ ಮತ್ತೆ ಬರುತ್ತದೆ. ಉಳಿದ ಕೆಲಸ ಯಾರದೆಂದು ಕೇಳಿದರೆ ಆ ಭಾಷಣದಲ್ಲಿ ಉತ್ತರವಿದೆ. ಈ ಅಂತಿಮ ಪ್ರತಿಯಲ್ಲಿ ಇಲ್ಲ.

ಕಚೇರಿಯ ಕೆಲಸವನ್ನೇ ನಾನು ಹಳಿಯುತ್ತಿಲ್ಲ. ಹೊಲಗಳಿಂದ ದೇಹಗಳನ್ನು ತೆಗೆದು, ಜೇಬಿನ ಕಾಗದ, ಬಟ್ಟೆಯ ಗುರುತುಗಳನ್ನು ನೋಡಿ ಒಂದೊಂದೇ ಹೆಸರನ್ನು ಪಟ್ಟಿಗೆ ಸೇರಿಸಿದವರು ಮಾಡಿದ್ದೂ ಲೆಕ್ಕದ ಕೆಲಸವೇ. ಸಮರ್ಪಣೆಯ ದಿನ ಆ ಕೆಲಸ ಅರ್ಧವೂ ಆಗಿರಲಿಲ್ಲ. 1864ರ ಮಾರ್ಚಿನಲ್ಲಿ ಮುಗಿಯಿತು. ಅಷ್ಟು ಶ್ರಮಪಟ್ಟರೂ ಸುಮಾರು 3,500 ಮಂದಿಯಲ್ಲಿ ಸಾವಿರಕ್ಕೆ ಸಮೀಪದಷ್ಟು ಜನರ ಹೆಸರು ತಿಳಿಯಲಿಲ್ಲ. ಅವರ ತಲೆದೆಸೆಯಲ್ಲಿ ಇಂದಿಗೂ ಇರುವುದು ಒಂದು ಚಿಕ್ಕ ಕಲ್ಲು, ಅದರ ಮೇಲೊಂದು ಸಂಖ್ಯೆ.

ಇದನ್ನು ಹೇಳಿದಾಗ ಶಿಷ್ಯ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಆ ಒಂದೂವರೆ ಪುಟವನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ತಾನು ಬರೆದ ನಾಲ್ಕು ಸಾಲನ್ನು ನನ್ನ ಕಡೆಗೆ ಸರಿಸಿದ. "ಇದನ್ನೊಮ್ಮೆ ತಿದ್ದಿಕೊಡಿ ಮೇಷ್ಟ್ರೇ. ನಾಳೆ ಇದನ್ನೇ ನನ್ನ ರುಜು ಹಾಕಿ ಫಲಕಕ್ಕೆ ಅಂಟಿಸುತ್ತೇನೆ. ಕೇಳಿದವರಿಗೆ ನಾನೇ ಉತ್ತರ ಹೇಳುತ್ತೇನೆ" ಎಂದ.

ಕನ್ನಡಕ ಹಾಕಿಕೊಂಡು ಓದಿದೆ. ಕಾವಲುಗಾರರ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿತ್ತು. ಅದನ್ನು ಸರಿಪಡಿಸಿ ಕಾಗದವನ್ನು ಹಿಂದಿರುಗಿಸಿದೆ.