200-500 ಜೂಮೋ, 300ರ ಪ್ರೈಮೋ?

ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು ಹಿಡಿದವರು ಇವತ್ತಲ್ಲ ನಾಳೆ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಉದ್ದನೆಯ ಜೂಮ್ ಲೆನ್ಸ್ ಕೊಳ್ಳುವುದೋ, ಅಥವಾ ಚಿಕ್ಕ ಪ್ರೈಮ್ ಕೊಂಡು ಅದಕ್ಕೊಂದು ಟೆಲಿಕನ್ವರ್ಟರ್ ಜೋಡಿಸುವುದೋ? ನಾನು ಎರಡನ್ನೂ ಇಟ್ಟುಕೊಂಡು ವರ್ಷಗಟ್ಟಲೆ ಓಡಾಡಿದ್ದೇನೆ. ನನ್ನ ನಿಕಾನ್ ಡಿ500 ಕ್ಯಾಮೆರಾಕ್ಕೆ ಹಾಕುವುದು ಒಂದೋ 200-500 ಮಿ.ಮೀ. ಎಫ್/5.6 ಜೂಮ್, ಇಲ್ಲವೇ 300 ಮಿ.ಮೀ. ಎಫ್/4 ಪಿಎಫ್ ಪ್ರೈಮ್ ಮತ್ತು 1.4 ಪಟ್ಟಿನ ಕನ್ವರ್ಟರ್. ಎರಡು ಲೆನ್ಸ್‌ಗಳೂ 2015ರಲ್ಲಿ ಬಂದವು. ಇವೆರಡರಲ್ಲಿ ಹೆಚ್ಚು ಶಾರ್ಪ್ ಯಾವುದು ಎಂದು ಜನ ವಾದಕ್ಕೆ ಕೂರುತ್ತಾರೆ. ಆ ವಾದದಲ್ಲಿ ಹುರುಳು ಕಡಿಮೆ. ನೀವು ಹಕ್ಕಿಯ ಹತ್ತಿರ ಕಾಲ್ನಡಿಗೆಯಲ್ಲಿ ಹೋಗುತ್ತೀರೋ, ದೋಣಿ-ಜೀಪಿನಲ್ಲಿ ಕೂತು ಹೋಗುತ್ತೀರೋ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ರಂಗನತಿಟ್ಟನ್ನೇ ನೋಡಿ. ಅಲ್ಲಿ ದೋಣಿ ನಿಮ್ಮ ಮಾತು ಕೇಳುವುದಿಲ್ಲ. ಅಂಬಿಗ ಹುಟ್ಟು ಹಾಕಿದ ಕಡೆಗೆ ನೀವೂ ಹೋಗಬೇಕು. ಒಂದು ಹೆಜ್ಜೆ ಹಿಂದೆ ಸರಿಯಲು ಜಾಗವಿಲ್ಲ, ಟ್ರೈಪಾಡ್ ಊರಿದರೂ ದೋಣಿಯ ಅಲುಗಾಟವೇ ಕ್ಯಾಮೆರಾಕ್ಕೆ ಏರುತ್ತದೆ. ಗೂಡಿಗೆ ಕಡ್ಡಿ ಕಚ್ಚಿಕೊಂಡು ಬರುವ ಹೆಜ್ಜಾರ್ಲೆ ದೂರದಲ್ಲಿ ಕಾಣಿಸಿಕೊಂಡಾಗ 500 ಮಿ.ಮೀ. ಬೇಕೇ ಬೇಕು. ಅದು ರೆಕ್ಕೆ ಪೂರ್ತಿ ಹರವಿ, ಕಾಲು ಮುಂದೆ ಚಾಚಿ ಕೊಂಬೆಗೆ ಇಳಿಯುವ ಹೊತ್ತಿಗೆ 250 ಸಾಕಾಗುತ್ತದೆ. ಈ ಎರಡರ ನಡುವೆ ಇರುವುದು ಕೆಲವೇ ಸೆಕೆಂಡು. ಕನ್ವರ್ಟರ್ ಹಾಕಿದ ಪ್ರೈಮ್ ಆದರೆ 420 ಮಿ.ಮೀ.ನಲ್ಲೇ ನಿಂತಿರುತ್ತದೆ. ಹಕ್ಕಿ ಇಳಿಯುವಾಗ ರೆಕ್ಕೆಯ ತುದಿಗಳು ಚೌಕಟ್ಟಿನಾಚೆ ಹೋಗುತ್ತವೆ. 200-500ರ ಜೂಮ್ ರಿಂಗ್ ತಿರುಗಬೇಕಾದ ದೂರವೂ ಜಾಸ್ತಿ, ಒಂದೇ ಹಿಡಿತದಲ್ಲಿ ಈ ತುದಿಯಿಂದ ಆ ತುದಿಗೆ ಹೋಗಲಾಗದು. ಹಾಗಾಗಿ ಹಕ್ಕಿ ಹತ್ತಿರವಾಗುತ್ತಿರುವಾಗಲೇ, ಅದು ಚೌಕಟ್ಟು ತುಂಬುವುದಕ್ಕೆ ಮುಂಚೆ, ತಿರುಗಿಸಲು ಶುರು ಮಾಡಬೇಕು. ಕೈಗೆ ಆ ರೂಢಿ ಬಂದ ಮೇಲೆ ದೋಣಿಯಲ್ಲಿ ಬೇರೆ ಲೆನ್ಸ್ ಬೇಡ ಅನ್ನಿಸುತ್ತದೆ.

ಕಬಿನಿಯ ಜೀಪಿನಲ್ಲೂ ಇದೇ ಕತೆ. ಬೇಸಿಗೆಯಲ್ಲಿ ಹಿನ್ನೀರು ಇಳಿದು ಹುಲ್ಲು ಚಿಗುರಿದಾಗ ಆನೆಗಳ ಹಿಂಡು ದೂರದಲ್ಲಿ ಮೇಯುತ್ತಿರುತ್ತದೆ, ತಿರುವು ದಾಟಿದರೆ ರಸ್ತೆ ಪಕ್ಕದಲ್ಲೇ ಮರಿಯಾನೆ. ಆ ಕೆಂಪು ದೂಳಿನಲ್ಲಿ ಲೆನ್ಸ್ ಕಳಚಿ ಕನ್ವರ್ಟರ್ ತೆಗೆಯುವುದೆಂದರೆ ಸೆನ್ಸರ್ ಮೇಲೆ ದೂಳನ್ನು ಕರೆದು ಕೂರಿಸಿದಂತೆ. ಸಫಾರಿಗೆ ಹೊರಡುವ ಮೊದಲೇ ಕನ್ವರ್ಟರ್ ಇರಲಿ ಅಥವಾ ಬೇಡ ಎಂದು ನಿರ್ಧರಿಸಿ, ಮರಳಿ ಕೋಣೆಗೆ ಬರುವವರೆಗೆ ಅದನ್ನು ಮುಟ್ಟದಿರುವುದು ಒಳ್ಳೆಯದು.

ಕಾಡಿನ ದಾರಿಯಲ್ಲಿ ನಡೆಯತೊಡಗಿದರೆ ಲೆಕ್ಕ ತಲೆಕೆಳಗಾಗುತ್ತದೆ. ಜೂಮ್‌ನ ತೂಕ ಕಾಲರ್ ಸೇರಿ 2.3 ಕೆ.ಜಿ. ಪ್ರೈಮ್ 755 ಗ್ರಾಂ, ಕನ್ವರ್ಟರ್ ಸೇರಿಸಿದರೂ ಒಂದು ಕೆ.ಜಿ. ದಾಟುವುದಿಲ್ಲ. ಪಿಎಫ್ ಎಂಬ ಫ್ರೆನೆಲ್ ಮಾದರಿಯ ಗಾಜು ಇರುವುದರಿಂದ ಅದು ಅಷ್ಟು ಗಿಡ್ಡ, ಅಷ್ಟು ಹಗುರ. ಬೆಳಗಿನಿಂದ ಮಧ್ಯಾಹ್ನದವರೆಗೆ ನಡೆದು, ಕೊನೆಗೆ ತಲೆಯ ಮೇಲೆ ಮಂಗಟ್ಟೆ ಹಾರಿಹೋಗುವಾಗ ಕ್ಯಾಮೆರಾ ಥಟ್ಟನೆ ಕಣ್ಣಿಗೆ ಏರಬೇಕಲ್ಲ, ಆಗ ಈ ವ್ಯತ್ಯಾಸ ತೋಳಿಗೆ ಗೊತ್ತಾಗುತ್ತದೆ. ಭಾರದ ಲೆನ್ಸ್ ಆ ಹೊತ್ತಿಗೆ ಬ್ಯಾಗಿನೊಳಗೆ ಸೇರಿರುತ್ತದೆ.

ಜೋಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿ ಹಕ್ಕಿಗಳು ಸ್ನಾನಕ್ಕೆ ಬರುವ ನೀರಿನ ತೊಟ್ಟಿಗಳ ಮುಂದೆ ಕೂತಾಗ ಪ್ರೈಮ್‌ನ ಇನ್ನೊಂದು ಗುಣ ಕಾಣುತ್ತದೆ. ಅಲ್ಲಿ ಹಕ್ಕಿ ಕೆಲವೇ ಮೀಟರ್ ದೂರದಲ್ಲಿರುತ್ತದೆ, ಬೆಳಕು ಮಾತ್ರ ಎಲೆಗಳ ಸಂದಿಯಿಂದ ಸೋರಿದಷ್ಟೇ. ಕನ್ವರ್ಟರ್ ತೆಗೆದಿಟ್ಟರೆ ಎಫ್/4 ಸಿಗುತ್ತದೆ. ಜೂಮ್‌ನಲ್ಲಿ ಸೆಕೆಂಡಿನ 1/125ಕ್ಕೆ ತೆಗೆಯಬೇಕಾದ ಚಿತ್ರವನ್ನು ಅದೇ ಐಎಸ್‌ಒನಲ್ಲಿ 1/250ಕ್ಕೆ ತೆಗೆಯಬಹುದು. ನೀರು ಕೊಡವುವ ಹಕ್ಕಿಯ ತಲೆ ಮಸುಕಾಗದೆ ಉಳಿಯಲು ಎಷ್ಟೋ ಸಲ ಈ ಒಂದು ಸ್ಟಾಪ್ ನೆರವಾಗಿದೆ. ಇನ್ನೊಂದು ಲಾಭವನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಕನ್ವರ್ಟರ್ ಹಾಕಿದರೂ ಲೆನ್ಸ್ ಫೋಕಸ್ ಮಾಡಬಲ್ಲ ಅತಿ ಹತ್ತಿರದ ದೂರ ಬದಲಾಗುವುದಿಲ್ಲ. ಈ 300 ಮಿ.ಮೀ. ಲೆನ್ಸ್ 1.4 ಮೀಟರ್‌ವರೆಗೆ ಫೋಕಸ್ ಮಾಡುತ್ತದೆ, ಕನ್ವರ್ಟರ್ ಜೊತೆಗೂ ಅಷ್ಟೇ. ಸೆನ್ಸರ್ ಮೇಲೆ ವಸ್ತು ನಿಜ ಗಾತ್ರದ ಮೂರನೇ ಒಂದು ಭಾಗದಷ್ಟು ಮೂಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಚಿಟ್ಟೆ, ಕಪ್ಪೆ, ಕೊಡತಿ ಕೀಟಗಳಿಗೆ ಬೇರೆ ಮ್ಯಾಕ್ರೋ ಲೆನ್ಸ್ ಹೊರುವ ಕಷ್ಟ ತಪ್ಪುತ್ತದೆ. ಜೂಮ್‌ಗೆ 2.2 ಮೀಟರ್ ಅಂತರವಾದರೂ ಬೇಕು.

ಹಾಗಾದರೆ ದೂರದ ಹಕ್ಕಿಗೆ? ಇಲ್ಲಿ ಒಂದು ಭಾಗಾಕಾರ ಮಾಡಿ ನೋಡಿದರೆ ಎಷ್ಟೋ ಗೊಂದಲ ಕಳೆಯುತ್ತದೆ. ಲೆನ್ಸ್‌ನ ಉದ್ದವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಬರುವ ಬಾಗಿಲಿನ ಅಗಲ ಸಿಗುತ್ತದೆ. 300ನ್ನು 4ರಿಂದ ಭಾಗಿಸಿದರೆ 75 ಮಿ.ಮೀ. ಕನ್ವರ್ಟರ್ ಹಾಕಿ 420 ಮಿ.ಮೀ. ಎಫ್/5.6 ಆದಾಗಲೂ ಅದೇ 75. ಕನ್ವರ್ಟರ್ ಚಿತ್ರವನ್ನು ಹಿಗ್ಗಿಸುತ್ತದೆ, ಹೊಸ ಬೆಳಕನ್ನು ತರುವುದಿಲ್ಲ. 500ನ್ನು 5.6ರಿಂದ ಭಾಗಿಸಿದರೆ ಸುಮಾರು 89. ವಿಸ್ತೀರ್ಣದಲ್ಲಿ ಇದು ಶೇ 40ರಷ್ಟು ಹೆಚ್ಚು, ಅಂದರೆ ಅರ್ಧ ಸ್ಟಾಪ್. ಬೇಸಿಗೆಯಲ್ಲಿ ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಮೊಟ್ಟೆಯಿಡುವ ರೀವಗಳನ್ನು ನೋಡಲು ಹೋದಾಗ ಗೂಡಿನಿಂದ ದೂರವೇ ಉಳಿಯಬೇಕು, ಉಳಿಯಲೇಬೇಕು. ಅಲ್ಲಿ ಜೂಮ್‌ನ ಈ ಅರ್ಧ ಸ್ಟಾಪ್ ರೆಕ್ಕೆಯ ಗರಿಗಳಲ್ಲಿ ಎದ್ದು ಕಾಣುತ್ತದೆ. ಬಿಸಿಲೇರಿ ನೀರಿನ ಮೇಲಿನ ಗಾಳಿ ನಡುಗತೊಡಗಿದ ಮೇಲೆ ಮಾತ್ರ ಯಾವ ಲೆನ್ಸೂ ಕೆಲಸಕ್ಕೆ ಬರದು.

ಇನ್ನೂ ದೂರಕ್ಕೆಂದು ಪ್ರೈಮ್‌ಗೆ 2 ಪಟ್ಟಿನ ಕನ್ವರ್ಟರ್ ಹಾಕುವವರಿದ್ದಾರೆ. 600 ಮಿ.ಮೀ. ಸಿಗುತ್ತದೆ, ಆದರೆ ಎಫ್/8ಕ್ಕೆ ಇಳಿಯಬೇಕು. ಡಿ500ರ 153 ಫೋಕಸ್ ಬಿಂದುಗಳಲ್ಲಿ ಆಗ ಕೆಲಸ ಮಾಡುವುದು 15 ಮಾತ್ರ. ಕೊಂಬೆಯ ಮೇಲೆ ಅಲುಗದೆ ಕೂತ ಗೂಬೆಗೆ ಪರವಾಗಿಲ್ಲ, ನೊಣ ಹಿಡಿಯಲು ಹಾರುವ ಕಳ್ಳಿಪೀರಕ್ಕೆ ಖಂಡಿತ ಸಾಲದು. ಪ್ರೈಮ್‌ಗೆ 1.4ರ ಕನ್ವರ್ಟರ್ ದಾಟಿ ಹೋಗಬೇಡಿ ಎಂದೇ ನಾನು ಹೇಳುತ್ತೇನೆ. ಪಿಎಫ್ ಗಾಜಿಗೆ ಇನ್ನೊಂದು ಮಿತಿಯೂ ಇದೆ. ಸೂರ್ಯನಿಗೆ ಎದುರಾಗಿ ತೆಗೆದರೆ ಬೆಳಕಿನ ಸುತ್ತ ಬಣ್ಣದ ಬಳೆಗಳು ಮೂಡುತ್ತವೆ. ಮುಂಜಾವಿನ ಎದುರು ಬೆಳಕಿನ ಚಿತ್ರಗಳನ್ನು ಇಷ್ಟಪಡುವವರು ಇದನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕು.

ಕನ್ನಡಿಯಿಲ್ಲದ ಹೊಸ ಕ್ಯಾಮೆರಾಗಳಿಗೆ ಹೋದವರ ಮುಂದೆಯೂ ಇದೇ ಆಯ್ಕೆ ಇದೆ. ನಿಕಾನ್‌ನಲ್ಲೇ ಒಂದು ಕಡೆ 180-600 ಜೂಮ್, ಇನ್ನೊಂದು ಕಡೆ 400 ಮಿ.ಮೀ. ಎಫ್/4.5 ಪ್ರೈಮ್. ಅದೇ ಭಾಗಾಕಾರ ಮಾಡಿದರೆ ಜೂಮ್‌ನ ಬಾಗಿಲು 600ರಲ್ಲಿ ಸುಮಾರು 95, ಪ್ರೈಮ್‌ನದು 89. ಅಂತರ ಕಿರಿದಾಗಿದೆ, ಹಾಗಾಗಿ ತೂಕ ಮತ್ತು ಚೌಕಟ್ಟಿನ ಸಡಿಲಿಕೆಯೇ ಇಲ್ಲಿ ಹೆಚ್ಚು ಮುಖ್ಯ. ಹಳೆಯ ಡಿಎಸ್‌ಎಲ್‌ಆರ್ ಲೆನ್ಸ್‌ಗಳು ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಕೈಗೆಟಕುವ ಬೆಲೆಗೆ ಸಿಗುತ್ತವೆ. ಕೊಳ್ಳುವ ಮುಂಚೆ ಬೆಂಗಳೂರಿನಂಥ ಊರಿನಲ್ಲಿ ಎರಡನ್ನೂ ಬಾಡಿಗೆಗೆ ತನ್ನಿ. ಒಂದು ಬೆಳಿಗ್ಗೆ ಜೂಮ್ ಹಿಡಿದು ನಿಮ್ಮ ಹತ್ತಿರದ ಕೆರೆಯನ್ನು ಪೂರ್ತಿ ಸುತ್ತಿ, ಮರುದಿನ ಪ್ರೈಮ್ ಹಿಡಿದು ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಸುತ್ತಿ. ಮನೆಗೆ ಬಂದು ಚಿತ್ರಗಳನ್ನು ನೂರಕ್ಕೆ ನೂರು ಹಿಗ್ಗಿಸಿ ನೋಡುವ ಮೊದಲು, ಕೊನೆಯ ಅರ್ಧ ಗಂಟೆಯಲ್ಲಿ ಎಷ್ಟು ಚಿತ್ರ ತೆಗೆದಿದ್ದೀರಿ ಎಂದು ಎಣಿಸಿ.