ಖರ್ಜೂರದ ಪಾಕವೂ ತಕ್ಕಡಿಯೂ

ಯುಗಾದಿಯ ದಿನ ಜೇವರ್ಗಿ ತಾಲ್ಲೂಕಿನ ನೆಲೋಗಿಯ ಕಡೆ ಬೇವನ್ನು ಪಾನಕದ ರೂಪದಲ್ಲಿ ಮಾಡುವುದು ವಾಚಕರಲ್ಲಿ ಅನೇಕರಿಗೆ ತಿಳಿದಿರಬಹುದು. ಹುಣಸೆಯ ನೀರು, ಬೆಲ್ಲ, ಮಾವಿನಕಾಯಿ, ಪುಟಾಣಿಹಿಟ್ಟು, ಒಣದ್ರಾಕ್ಷಿ, ಖರ್ಜೂರಗಳ ನಡುವೆ ಬೇವಿನ ಹೂವಿನ ಕಹಿಯೂ ಇರುತ್ತದೆ. ಇದೇ ವಸಂತದಲ್ಲಿ, ಎಷ್ಟೋ ವರ್ಷ ಚೈತ್ರದ ಹುಣ್ಣಿಮೆಯ ಆಸುಪಾಸಿನಲ್ಲಿಯೇ, ಯೆಹೂದ್ಯರ ಪಾಸೋವರ್ ಹಬ್ಬ ಬರುತ್ತದೆ. 2024ರಲ್ಲಿ ಅದು ಏಪ್ರಿಲ್ 22ರ ಸಂಜೆ ಆರಂಭವಾಯಿತು. ನಮ್ಮ ಹುಣ್ಣಿಮೆ ಮರುದಿನ. ಎರಡು ಪಂಚಾಂಗಗಳೂ ಚಾಂದ್ರಮಾಸಗಳನ್ನೆಣಿಸಿ, ಸೌರವರ್ಷಕ್ಕೆ ಹೊಂದಿಸಲು ಅಧಿಕಮಾಸವನ್ನು ಸೇರಿಸುವುದೇ ಈ ಸಾಮೀಪ್ಯಕ್ಕೆ ಕಾರಣ.

ಆ ಹಬ್ಬದ ಊಟದಲ್ಲಿಯೂ ಕಹಿಸೊಪ್ಪನ್ನು ಸಿಹಿಯಲ್ಲಿ ಅದ್ದಿ ತಿನ್ನುತ್ತಾರೆ. ಕಹಿಯು ಈಜಿಪ್ಟಿನಲ್ಲಿ ಅವರ ಪೂರ್ವಿಕರು ಅನುಭವಿಸಿದ ದಾಸ್ಯದ ನೆನಪು. ಹಣ್ಣು-ಬೀಜಗಳ ಸಿಹಿಯಾದ 'ಹರೋಸೆತ್', ಆ ದಾಸ್ಯದಲ್ಲಿ ಕಟ್ಟಡಗಳಿಗಾಗಿ ಅವರು ಕಲಸಿದ ಕೆಸರಿನ ನೆನಪು. ಯುರೋಪಿನ ಅನೇಕ ಮನೆಗಳಲ್ಲಿ ಇದಕ್ಕೆ ಸೇಬನ್ನು ಬಳಸುತ್ತಾರೆ. ಬಾಗ್ದಾದಿನ ಕಡೆಯಿಂದ ಬಂದು ಮುಂಬಯಿ, ಕೋಲ್ಕತಗಳಲ್ಲಿ ನೆಲೆಸಿದ ಯೆಹೂದ್ಯರಾದರೋ ಖರ್ಜೂರದ ಪಾಕಕ್ಕೆ ಅಕ್ರೋಟನ್ನು ಬೆರೆಸಿ, ಅದನ್ನು 'ಹಲೇಕ್' ಎಂದು ಕರೆದರು. ಖರ್ಜೂರ ನಮ್ಮ ಪೇಟೆಯಲ್ಲಿಯೂ ದೊರೆಯುವುದರಿಂದ ಇದನ್ನು ಮನೆಯಲ್ಲಿ ಮಾಡುವುದು ಸುಲಭ. ಕಷ್ಟ ಒಂದೇ: ಒಲೆಯನ್ನು ಯಾವಾಗ ಆರಿಸಬೇಕು?

ಮೊದಲ ಸಲ ನಾನು ಬಣ್ಣ ನೋಡಿ ಬೇಗ ಇಳಿಸಿದೆ. ಬೇಸಿಗೆಯ ಬಿಸಿಗೆ ವಾರದೊಳಗೆ ಶೀಸೆಯಲ್ಲಿ ನೊರೆಯೆದ್ದು ಹುಳಿ ವಾಸನೆ ಬಂದಿತು. ಎರಡನೆಯ ಸಲ ಗಟ್ಟಿಯಾಗಲೆಂದು ಕಾದೆ. ಆರಿದ ಮೇಲೆ ಚಮಚವೇ ಅದರಲ್ಲಿ ಸಿಕ್ಕಿಕೊಂಡಿತು. ಬಿಸಿ ಪಾಕವು ನೀರಾಗಿಯೂ ಆರಿದ ಪಾಕವು ಗಟ್ಟಿಯಾಗಿಯೂ ಇರುವುದರಿಂದ ಕಣ್ಣಿನ ಅಂದಾಜು ಮೋಸಮಾಡುತ್ತದೆ. ಉಷ್ಣಮಾಪಕವನ್ನು ನಂಬೋಣವೆಂದರೆ, ಪುಸ್ತಕಗಳ ಅಂಕಿಗಳು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೇಳಿದವು. ಸುಮಾರು 450 ಮೀಟರ್ ಎತ್ತರದ ಕಲಬುರಗಿಯಲ್ಲಿ ವಾಯುವಿನ ಒತ್ತಡ ಕಡಿಮೆ. ಶುದ್ಧ ನೀರು 100 ಡಿಗ್ರಿಗೆ ಬದಲು ಸುಮಾರು 98.5 ಡಿಗ್ರಿ ಸೆಲ್ಸಿಯಸಿನಲ್ಲಿಯೇ ಕುದಿಯುತ್ತದೆ. ತೂಕಕ್ಕೆ ಈ ತೊಡಕಿಲ್ಲ. ಕುದಿಯುವಾಗ ಹೊರಹೋಗುವುದು ನೀರಿನ ಆವಿ ಮಾತ್ರ. ಸಕ್ಕರೆ ಪಾತ್ರೆಯಲ್ಲಿಯೇ ಉಳಿಯುತ್ತದೆ. ಆದುದರಿಂದ ಉಳಿದ ತೂಕವೇ ಪಾಕದ ಹದವನ್ನು ಹೇಳುತ್ತದೆ.

ಇನ್ನು ವಿಧಾನವನ್ನು ನೋಡೋಣ. ಬೀಜ ತೆಗೆದ ಮೆತ್ತನೆಯ ಖರ್ಜೂರ 500 ಗ್ರಾಂ, ನೀರು ಒಂದೂಕಾಲು ಲೀಟರ್. ನಾಲ್ಕು ಗಂಟೆ ನೆನೆಯಿಟ್ಟು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ, ಕಿವುಚಿ, ಆರಿದ ಮೇಲೆ ತೆಳುಬಟ್ಟೆಯಲ್ಲಿ ಹಿಂಡಿರಿ. ಬರಿಯ ಅಗಲ ಪಾತ್ರೆಯನ್ನು ಮೊದಲು ತೂಗಿ ಬರೆದಿಟ್ಟು, ಅದರಲ್ಲಿ ರಸವನ್ನು ಕುದಿಸಿರಿ. ರಸದ ತೂಕ ಸುಮಾರು 400 ಗ್ರಾಮಿಗೆ ಇಳಿದಾಗ ಒಲೆಯನ್ನಾರಿಸಿರಿ. ಬಿಸಿ ಪಾತ್ರೆಯನ್ನು ತಕ್ಕಡಿಯ ಮೇಲಿಡುವಾಗ ಕೆಳಗೆ ಮರದ ಹಲಗೆಯಿರಲಿ. ಹಲಗೆಯ ತೂಕವನ್ನೂ ಕಳೆಯಬೇಕು.

ಇಷ್ಟು ಹೊತ್ತು ಏಕೆ ಹಿಡಿಯುತ್ತದೆ? ರಸವು 1,100 ಗ್ರಾಂ ಇದ್ದಿತೆನ್ನೋಣ. ಅದನ್ನು 30 ಡಿಗ್ರಿಯಿಂದ ಕುದಿಗೆ ತರಲು ಸುಮಾರು 75,000 ಕ್ಯಾಲೊರಿ ಸಾಕು. ಆದರೆ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಬೇಕು; 700 ಗ್ರಾಮಿಗೆ 3,78,000. ಕುದಿಯಿಸಲು ಬೇಕಾದುದರ ಐದು ಪಟ್ಟು! ಈ ಗುಪ್ತೋಷ್ಣವನ್ನು ಕೊಡದೆ ಪಾಕವಿಲ್ಲ. ಹಾಗೆಂದು ಕೊನೆಯಲ್ಲಿ ಉರಿ ಹೆಚ್ಚಿಸಬಾರದು. ಗಟ್ಟಿಯಾದ ದ್ರವವು ಮೇಲಕ್ಕೂ ಕೆಳಕ್ಕೂ ಸಲೀಸಾಗಿ ಹರಿಯದು. ಶಾಖವು ತಳದಲ್ಲಿಯೇ ನಿಂತು ಪಾಕ ಸೀಯುತ್ತದೆ. ಕುದಿಬಿಂದುವೂ ನೀರಿನದಕ್ಕಿಂತ ಏರಿರುವುದರಿಂದ, ಮೈಮೇಲೆ ಸಿಡಿದ ಹನಿ ಅಂಟಿಕೊಂಡು ಆಳವಾಗಿ ಸುಡುತ್ತದೆ. ಮಕ್ಕಳನ್ನು ದೂರವಿಡಿರಿ.

ಸಿದ್ಧವಾದ ಪಾಕದಲ್ಲಿ ಸುಮಾರು ಮುಕ್ಕಾಲು ಪಾಲು ಸಕ್ಕರೆ. ಇಂತಹ ದ್ರಾವಣವು ಸೂಕ್ಷ್ಮಜೀವಿಗಳ ಒಡಲಿನ ನೀರನ್ನೇ ಹೊರಕ್ಕೆಳೆಯುವುದರಿಂದ ಅವು ಬೆಳೆಯಲಾರವು. ಜೇನು ಬೇಗ ಕೆಡದಿರುವುದಕ್ಕೂ ಇದೊಂದು ಕಾರಣ. ಆದರೂ ಒಣಗಿದ ಶೀಸೆಯಲ್ಲಿ ತುಂಬಿ ತಂಪುಪೆಟ್ಟಿಗೆಯಲ್ಲಿಡುವುದು ಲೇಸು. ಒದ್ದೆ ಚಮಚವನ್ನದ್ದಿದರೆ ಮೇಲ್ಪದರ ತೆಳುವಾಗಿ ಬೂಷ್ಟು ಹಿಡಿಯಬಹುದು.

ಅಕ್ರೋಟನ್ನು ತಿನ್ನುವ ಹೊತ್ತಿಗೇ ಸಣ್ಣಗೆ ಜಜ್ಜಿ, ಎರಡು ಚಮಚ ಪಾಕಕ್ಕೆ ಒಂದು ಚಮಚದಂತೆ ಬೆರೆಸಿರಿ. ಮೊದಲೇ ಬೆರೆಸಿದರೆ ಒಣ ಬೀಜವು ಪಾಕದ ತೇವವನ್ನು ಹೀರಿ ಮೆತ್ತಗಾಗುತ್ತದೆ. ಅಕ್ರೋಟು ಕೆಲವರ ಮೈಗೆ ಒಗ್ಗದೆ ಪ್ರಾಣಾಪಾಯವನ್ನೂ ತರಬಲ್ಲದು. ಅತಿಥಿಗಳನ್ನು ಕೇಳಿಯೇ ಬಡಿಸಿರಿ. ಸಕ್ಕರೆ ಕಾಯಿಲೆಯವರಿಗೆ ಈ ಪಾಕ ಸಲ್ಲದು.

ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಉರಿಯನ್ನು ಬದಲಿಸದೆ, ಕುದಿ ಆರಂಭವಾದಂದಿನಿಂದ ಹತ್ತು ಹತ್ತು ನಿಮಿಷಕ್ಕೊಮ್ಮೆ ಹಿರಿಯರಿಂದ ಪಾತ್ರೆಯನ್ನು ತೂಗಿಸಿ, ಅಂಕಿಗಳನ್ನು ನಕ್ಷೆಯಲ್ಲಿ ಗುರುತಿಸಲಿ. ಮೊದಲ ಬಿಂದುಗಳು ಹೆಚ್ಚುಕಡಿಮೆ ಒಂದೇ ಸರಳರೇಖೆಯಲ್ಲಿ ಬೀಳುವುದೇಕೆಂದು ಗುಪ್ತೋಷ್ಣದ ನೆರವಿನಿಂದ ಯೋಚಿಸಲಿ. ಆ ರೇಖೆಯನ್ನು ಮುಂದಕ್ಕೆಳೆದರೆ, 400 ಗ್ರಾಂ ಯಾವ ಹೊತ್ತಿಗೆ ಬರುವುದೆಂದು ಮನೆಯವರಿಗೆ ಮುಂಚಿತವಾಗಿಯೇ ಹೇಳಬಹುದು.