ಸರಾಸರಿಯಲ್ಲಿ ಮರೆಯಾದ ಜೀವಕೋಶ

ನಮ್ಮ ಶರೀರವು ಅಸಂಖ್ಯ ಜೀವಕೋಶಗಳಿಂದ ಕೂಡಿದೆಯೆಂಬುದನ್ನು ನಾವೆಲ್ಲ ಪಾಠದಲ್ಲಿ ಓದಿದ್ದೇವೆ. ಬಹುತೇಕ ಎಲ್ಲ ಕೋಶಗಳಲ್ಲಿಯೂ ಇರುವ ವಂಶವಾಹಿಗಳ ಭಂಡಾರವು ಒಂದೇ. ಆದರೂ ಕಣ್ಣಿನ ಕೋಶ ಬೇರೆ, ಶ್ವಾಸನಾಳದ ಕೋಶ ಬೇರೆ. ಇದಕ್ಕೆ ಕಾರಣವೇನು? ಪ್ರತಿಯೊಂದು ಕೋಶವೂ ತನಗೆ ಬೇಕಾದ ವಂಶವಾಹಿಗಳನ್ನು ಮಾತ್ರ ಕಾರ್ಯಕ್ಕೆ ತೊಡಗಿಸುತ್ತದೆ. ಹಾಗೆ ತೊಡಗಿದ ವಂಶವಾಹಿಗಳಿಂದ ಆರ್‌ಎನ್‌ಎ ಎಂಬ ನಕಲುಗಳು ಹುಟ್ಟುತ್ತವೆ. ಅವನ್ನು ಎಣಿಸಿದರೆ ಆ ಕೋಶದ ಕೆಲಸವೇನೆಂಬುದು ತಿಳಿಯುತ್ತದೆ.

ಹಿಂದೆ ವಿಜ್ಞಾನಿಗಳು ಲಕ್ಷಾಂತರ ಕೋಶಗಳ ಆರ್‌ಎನ್‌ಎಯನ್ನು ಒಟ್ಟಿಗೆ ಬೆರೆಸಿ ಸರಾಸರಿಯನ್ನು ತೆಗೆಯುತ್ತಿದ್ದರು. ತರಗತಿಯ ಸರಾಸರಿ ಅಂಕ 50 ಎಂದಾಗ, 100 ಪಡೆದವನೂ ಸೊನ್ನೆ ಪಡೆದವನೂ ಅದರಲ್ಲಿ ಮರೆಯಾಗುವುದಿಲ್ಲವೆ?

ಈ ಮರೆಯನ್ನು ಸರಿಸಿದವರಲ್ಲಿ ಅವಿವ್ ರೆಗೆವ್ ಅಗ್ರಗಣ್ಯರು. 1971ರಲ್ಲಿ ಜನಿಸಿದ ಇವರು ಇಸ್ರೇಲಿನ ಟೆಲ್ ಅವಿವ್ ವಿಶ್ವವಿದ್ಯಾಲಯದಲ್ಲಿ ಗಣಕ ಜೀವಶಾಸ್ತ್ರವನ್ನು ಅಭ್ಯಸಿಸಿ, 2006ರಲ್ಲಿ ಅಮೆರಿಕದ ಬ್ರಾಡ್ ಸಂಸ್ಥೆಯನ್ನು ಸೇರಿದರು. 2013ರಲ್ಲಿ ಅವರೂ ಸಹೋದ್ಯೋಗಿಗಳೂ ಇಲಿಯ 18 ರೋಗನಿರೋಧಕ ಕೋಶಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದರು. ಒಂದೇ ಬಗೆಯವೆಂದು ತಿಳಿದಿದ್ದ ಆ ಕೋಶಗಳಲ್ಲಿ ಎಷ್ಟೋ ವಂಶವಾಹಿಗಳು ಕೆಲವದರಲ್ಲಿ ಎಚ್ಚೆತ್ತಿದ್ದವು, ಕೆಲವದರಲ್ಲಿ ಮಲಗಿದ್ದವು. 2015ರಲ್ಲಿ, ರೆಗೆವರೂ ಭಾಗಿಗಳಾಗಿದ್ದ ಮತ್ತೊಂದು ಸಂಶೋಧನೆಯಲ್ಲಿ ಇಲಿಯ ಅಕ್ಷಿಪಟಲದ 44,808 ಕೋಶಗಳನ್ನು ಪರಿಶೀಲಿಸಿ 39 ಗುಂಪುಗಳನ್ನು ಗುರುತಿಸಲಾಯಿತು.

ಒಂದೊಂದು ಕೋಶಕ್ಕೂ ಸಾವಿರಾರು ಅಂಕಿಗಳು! ಇವನ್ನು ಕಣ್ಣಿನಿಂದ ಓದಿ ವಿಂಗಡಿಸುವುದು ಅಸಾಧ್ಯ. ಇಲ್ಲಿ ನೆರವಾಗುವುದು ಯಂತ್ರಕಲಿಕೆ. ಹೆಸರುಗಳನ್ನು ಮೊದಲೇ ಹೇಳಿಕೊಡದಿದ್ದರೂ ಗಣಕಯಂತ್ರವು ಅಂಕಿಗಳ ಹೋಲಿಕೆಯನ್ನು ಕಂಡು ಕೋಶಗಳನ್ನು ಗುಂಪುಗೂಡಿಸುತ್ತದೆ. ಆ ಗುಂಪಿನ ಅರ್ಥವನ್ನು ಅರಿಯುವ ಹೊಣೆ ಮಾತ್ರ ಮನುಷ್ಯನದೇ.

ಇದರಿಂದಾದ ಪ್ರಯೋಜನಕ್ಕೆ ಒಂದು ನಿದರ್ಶನವನ್ನು ನೋಡೋಣ. ಸಿಸ್ಟಿಕ್ ಫೈಬ್ರೋಸಿಸ್ ಎಂಬುದು ಶ್ವಾಸನಾಳಗಳಲ್ಲಿ ಅಂಟುಗಫ ತುಂಬಿ ಉಸಿರನ್ನೇ ಕಟ್ಟುವ ವಂಶಪಾರಂಪರ್ಯದ ರೋಗ. ಅದಕ್ಕೆ ಕಾರಣವಾದ ವಂಶವಾಹಿಯು 1989ರಲ್ಲಿಯೇ ದೊರೆತಿತ್ತು. ಆದರೆ ಅದು ಯಾವ ಕೋಶದಲ್ಲಿ ಹೆಚ್ಚು ದುಡಿಯುತ್ತದೆ? 2018ರಲ್ಲಿ ರೆಗೆವರ ತಂಡವೂ, ಸ್ವತಂತ್ರವಾಗಿ ಇನ್ನೊಂದು ತಂಡವೂ, ಇಲಿಯ ಶ್ವಾಸನಾಳದಲ್ಲಿ ಅತಿ ವಿರಳವಾದ ಹೊಸ ಕೋಶವೊಂದನ್ನು ಕಂಡವು. ನೂರಕ್ಕೆ ಒಂದೂ ಇರದ ಆ ಕೋಶದಲ್ಲಿಯೇ ಆ ವಂಶವಾಹಿಯು ಅತ್ಯಧಿಕವಾಗಿ ದುಡಿಯುತ್ತಿತ್ತು. ಮನುಷ್ಯನಲ್ಲಿ ಇತರ ಕೋಶಗಳ ಪಾಲೂ ದೊಡ್ಡದೆಂದು ಮುಂದಿನ ಸಂಶೋಧನೆಗಳು ತೋರಿಸಿದವು. ವಿಜ್ಞಾನವು ಹೀಗೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತ ಮುಂದೆ ಸಾಗುತ್ತದೆ.

ಮಾನವ ಶರೀರದ ಎಲ್ಲ ಬಗೆಯ ಕೋಶಗಳ ನಕ್ಷೆಯನ್ನು ಸಿದ್ಧಪಡಿಸುವ ಅಂತರರಾಷ್ಟ್ರೀಯ ಯೋಜನೆಯನ್ನು ರೆಗೆವರು ಸಾರಾ ಟೈಕ್‌ಮನ್ನರೊಡನೆ 2016ರಲ್ಲಿ ಆರಂಭಿಸಿದರು. 2020ರಲ್ಲಿ ಜೆನೆನ್‌ಟೆಕ್ ಔಷಧ ಸಂಸ್ಥೆಯ ಸಂಶೋಧನಾ ವಿಭಾಗದ ಮುಖ್ಯಸ್ಥೆಯಾದರು.

ವಿದ್ಯಾರ್ಥಿಮಿತ್ರರೇ, ಗಣಿತದ ತಾಸು ಬೇರೆ, ಜೀವಶಾಸ್ತ್ರದ ತಾಸು ಬೇರೆ ಎಂದು ನಾವು ಎಣಿಸುತ್ತೇವೆ. ಗುಂಪಿನಲ್ಲಿ ಕಾಣದೆ ಹೋದ ಒಂದು ಪುಟ್ಟ ಕೋಶವನ್ನು ಹುಡುಕಲು ಅವೆರಡೂ ಕೂಡಬೇಕಾಯಿತೆಂಬುದನ್ನು ಮರೆಯದಿರೋಣ.